ಟಪೀರಿಗಾಗಿ ವಾಸನಾಕ್ಷಯ

ಜುಲೈ 12, ಶನಿವಾರ

ಪಾಕ್ ಲೋಂಗ್ ಒಪ್ಪಿದರು. ಆಗಸ್ಟ್ 23ರ ಬೆಳಿಗ್ಗೆ ಎಂಟಕ್ಕೆ ಜೆಟ್ಟಿಯಲ್ಲಿ ಹಾಜರಿರಬೇಕು. ಮೂರು ರಾತ್ರಿ, ಇಬ್ಬರು: ನಾನು, ಮತ್ತು ಬಯಾನ್ ಲೆಪಾಸ್‌ನ ಚಿಪ್ ಕಾರ್ಖಾನೆಯ ಇಂಜಿನಿಯರ್ ಕೀರ್ತಿರಾಜ್. ಫೋನಿನಲ್ಲಿ ನನ್ನ ಹೆಸರು ಕೇಳಿದ ಕೂಡಲೇ, "ಓ, ಸೈತಾನ್ ಪುಡಿಯ ಡಾಕ್ಟರ್!" ಎಂದು ನಕ್ಕರು. ಮಲಯ್ ಭಾಷೆಯಲ್ಲಿ ಪಾಕ್ ಲೋಂಗ್ ಎಂದರೆ ದೊಡ್ಡಪ್ಪ. ಪಹಾಂಗಿನ ಆ ನದಿ ದಂಡೆಯವರಿಗೆಲ್ಲ ಅವರು ದೊಡ್ಡಪ್ಪನೇ. ನಿಜವಾದ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ.

ಕಳೆದ ವರ್ಷದ ಅವಮಾನವನ್ನು ಇಲ್ಲಿ ಬರೆದಿರಲಿಲ್ಲ. ಅವಮಾನವೂ ಮಾವಿನ ಮಿಡಿಯ ಹಾಗೆ, ಒಂದು ವರ್ಷ ಭರಣಿಯಲ್ಲಿದ್ದರೆ ರುಚಿ. ಈಗ ತೆಗೆಯುತ್ತೇನೆ. ದೋಣಿಯಲ್ಲಿ ಎರಡು ಗಂಟೆ, ಆಮೇಲೆ ಕಾಡಿನಲ್ಲಿ ಮೂರು ಗಂಟೆ ನಡೆದರೆ ಒಂದು ಉಪ್ಪುಮಣ್ಣಿನ ಜಾಗ, ಅದರೆದುರು ಕಂಬಗಳ ಮೇಲೆ ಮರದ ಅಟ್ಟಣೆ. ಅಲ್ಲಿ ಮಾತಿಲ್ಲದೆ ಕುಳಿತರೆ ಉಪ್ಪು ನೆಕ್ಕಲು ಟಪೀರ್ ಬರುತ್ತದೆ. ಮುಂಭಾಗ ಕಪ್ಪು, ಸೊಂಟಕ್ಕೆ ಬಿಳಿ ಪಂಚೆ, ಆನೆಯಾಗಲು ಹೊರಟು ಅರ್ಧ ದಾರಿಯಲ್ಲಿ ಮನಸ್ಸು ಬದಲಿಸಿದ ಮೂತಿ. ಅದರ ಕಣ್ಣು ಮಂದ, ಮೂಗು ಮಾತ್ರ ಭಯಂಕರ. ಪಾಕ್ ಲೋಂಗರ ಅಪ್ಪ ಜಿಂಕೆಯ ಬೇಟೆಗಾರರಾಗಿದ್ದರು. ಮಗ ಬಂದೂಕು ಬಿಟ್ಟು ನಮ್ಮಂಥ ಕ್ಯಾಮೆರಾದವರನ್ನು ಹಿಡಿದಿದ್ದಾರೆ. ಬೇಟೆ ಹೋಗಿ ಭೇಟಿಯಾಗಿದೆ, ಆದರೆ ಬೇಟೆಯ ನಿಯಮ ಒಂದೂ ಸಡಿಲಾಗಿಲ್ಲ. ಜೆಟ್ಟಿಯಲ್ಲಿ ಪ್ರತಿ ಚೀಲವನ್ನೂ ಪ್ರತಿ ಮನುಷ್ಯನನ್ನೂ ಮೂಸುತ್ತಾರೆ. ವಾಸನೆ ಬಂದವರಿಗೆ ದೋಣಿ ಇಲ್ಲ.

ನನ್ನ ಚೀಲ ಅಡುಗೆಮನೆಯ ಅಟ್ಟದಲ್ಲಿ ಎಂಟು ವರ್ಷ ತಪಸ್ಸು ಮಾಡಿದ್ದು. ಅದರೊಳಗೆ ಹೆಂಡತಿ ದೇವಕಿ ಪ್ರೀತಿಯಿಂದ ತುಂಬಿದ್ದು ಚಟ್ನಿಪುಡಿ, ಇಂಗಿನ ಒಗ್ಗರಣೆಯ ಅವಲಕ್ಕಿ, ಹಪ್ಪಳ. ಪಾಕ್ ಲೋಂಗ್ ಜಿಪ್ಪು ತೆರೆದರು, ಮೂಸಿದರು, ಮೂರು ಹೆಜ್ಜೆ ಹಿಂದೆ ಹೋದರು. ದೋಣಿ ಹೋಯಿತು. ಕೀರ್ತಿರಾಜ್ ಕೈ ಬೀಸುತ್ತ ಹೋದ. ನಾನು ಜೆಟ್ಟಿಯಲ್ಲಿ ಕುಳಿತು ಅವಲಕ್ಕಿ ತಿಂದು ನಿಲಾಯ್‌ನ ಮನೆಗೆ ವಾಪಸ್ ಬಂದೆ.

ಈ ವರ್ಷದ ನಂತರ ಪಾಕ್ ಲೋಂಗ್ ಕಾಡಿಗೆ ಹೋಗುವುದಿಲ್ಲವಂತೆ, ಮಂಡಿ ಕೈಕೊಟ್ಟಿದೆ. ಅಂದರೆ ಇದೇ ನನ್ನ ಕೊನೆಯ ಅವಕಾಶ. ಷರತ್ತು: ಸಾಮಾನುಗಳು ಮೂರು ವಾರ ಮನೆಯ ಹೊರಗೆ, ಬರಿ ನೀರಿನಲ್ಲಿ ತೊಳೆದು. ಮನುಷ್ಯ ಹತ್ತು ದಿನ ಇಂಗು, ಬೆಳ್ಳುಳ್ಳಿ, ಸೋಪು, ಪೌಡರು, ಊದುಬತ್ತಿ ಎಲ್ಲದರಿಂದ ದೂರ. ವಾಸನಾಕ್ಷಯವಾಗದೆ ಮುಕ್ತಿಯಿಲ್ಲ ಎಂದು ವೇದಾಂತಿಗಳು ಹೇಳಿದ್ದು ಬಹುಶಃ ಟಪೀರನ್ನು ನೋಡಲು ಹೊರಟವರಿಗೇ.


ಜುಲೈ 13, ಭಾನುವಾರ

ಜಗಳಕ್ಕೆ ಸಿದ್ಧನಾಗಿ ಷರತ್ತುಗಳನ್ನು ಓದಿ ಹೇಳಿದೆ. ಉಡುಪಿಯ ಹೆಂಗಸಿಗೆ ಇಂಗು ಬಿಡು ಎನ್ನುವುದೂ ನನಗೆ ಬಾಯಿ ಬಿಡಬೇಡ ಎನ್ನುವುದೂ ಒಂದೇ. ದೇವಕಿ ಕೇಳಿಸಿಕೊಂಡು, "ಹತ್ತೇ ದಿನ ಯಾಕೆ? ನಾಳೆಯಿಂದಲೇ ಬಂದ್ ಮಾಡುವ. ಮನೆಯೇ ವಾಸನೆ ಹೊಡೆದ್ರೆ ಚೀಲ ತೊಳೆದು ಎಂತ ಮಾಡ್ಲಿಕ್ಕುಂಟು?" ಎಂದಳು.

"ಆರು ವಾರ ಸಪ್ಪೆ ಊಟವಾ?"

"ನಿಮಗೆ ಟಪೀರು ಬೇಕಾ, ಸಾಂಬಾರು ಬೇಕಾ?"

ಮೂವತ್ತು ವರ್ಷದಲ್ಲಿ ಇಷ್ಟು ಬೇಗ ನನ್ನ ಮಾತಿಗೆ ಒಪ್ಪಿಗೆ ಸಿಕ್ಕಿದ್ದು ಇದೇ ಮೊದಲು. ಮೇ ತಿಂಗಳ ಜ್ವರದ ನಂತರ ಇವಳು ಒಟ್ಟಾರೆ ಶಾಂತಳಾಗಿದ್ದಾಳೆ. ಜ್ವರ ಇನ್ನೊಂದು ಡಿಗ್ರಿ ಏರಿದ್ದರೆ ನನಗೆ ಡ್ರೋನ್ ಕ್ಯಾಮೆರಾವೂ ಸಿಗುತ್ತಿತ್ತೇನೋ.

ಹದಿನಾರರ ತನ್ವಿ ಮಾತ್ರ ತಟ್ಟೆ ನೋಡಿ, "ಅಪ್ಪಾ, ದಿಸ್ ಈಸ್ ಹಾಸ್ಪಿಟಲ್ ಫುಡ್ ಲಾ" ಎಂದು ಮಮಾಕ್ ಹೋಟೆಲಿನಿಂದ ರೋಟಿ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿಕೊಂಡು ಬಂದು ಕೋಣೆ ಸೇರಿದಳು.


ಜುಲೈ 20, ಭಾನುವಾರ

ಕೀರ್ತಿರಾಜ್ ಕಳಿಸಿದ ಪಟ್ಟಿಯಲ್ಲಿ ಅರವತ್ತನಾಲ್ಕು ವಸ್ತುಗಳು. ಕಾರ್ಖಾನೆಯಲ್ಲಿ ದಿನವಿಡೀ ಧೂಳಿಲ್ಲದ ಕೋಣೆಯಲ್ಲಿ ಬಿಳಿ ಮುಸುಕು ಹಾಕಿ ಕೂರುವವನು, ಕಾಡನ್ನೂ ಹಾಗೆಯೇ ಒರೆಸಿ ಇಡಬಹುದು ಎಂದುಕೊಂಡಿದ್ದಾನೆ. ಮಡಚುವ ಕುರ್ಚಿ, ಮಡಚುವ ಬಕೆಟ್, ಮಡಚುವ ಚಮಚ.

"ಡಾಕ್ಟ್ರೇ, ಚಮಚ ಟೈಟಾನಿಯಂದು. ಬರೀ ಹದಿನೈದು ಗ್ರಾಂ ಮಾರಾಯ್ರೆ!"

"ನನ್ನ ಹತ್ರ ಕೈ ಇದೆ. ಸೊನ್ನೆ ಗ್ರಾಂ."

ಪಾಕ್ ಲೋಂಗರ ಮಿತಿ ತಲೆಗೆ ಹನ್ನೆರಡು ಕಿಲೋ. ನನ್ನ ಪಟ್ಟಿ: ಚೀಲ, ನದಿ ದಂಡೆಯ ಮೊದಲ ರಾತ್ರಿಗೆ ಸಣ್ಣ ಟೆಂಟು, ತಾಡಪಾಲು, ಜಿಗಣೆ ಹತ್ತದ ಉದ್ದ ಕಾಲುಚೀಲ, ಇಲ್ಲಿನ ರಬ್ಬರ್ ತೋಟದವರು ಹಾಕುವ ಕಪ್ಪು ರಬ್ಬರ್ ಶೂ, ಕೆಂಪು ಬೆಳಕಿನ ತಲೆದೀಪ, ಕ್ಯಾಮೆರಾ, ಅಕ್ಕಿ, ಉಪ್ಪು.

ಎಲ್ಲವನ್ನೂ ಹಿಂದಿನ ಅಂಗಳದಲ್ಲಿ ಬರಿ ನೀರಿನಲ್ಲಿ ಏಳು ಸಲ ಜಾಲಿಸಿದೆವು. ತೊಳೆದದ್ದು ದೇವಕಿ, ಜಾಲಿಸಿದ್ದು ನಾನು, ಸರ್ಟಿಫಿಕೇಟು ಕೊಟ್ಟದ್ದು ಪಕ್ಕದ ಮನೆಯ ಜಯಮಾಲಾ. ಧಾರವಾಡದವರು, ಮೂಗು ಉದ್ದ, ನಾಲಿಗೆ ಇನ್ನೂ ಉದ್ದ. ಇವರನ್ನು ಕರೆದವಳು ದೇವಕಿಯೇ. "ನಮಗೆ ನಮ್ಮ ಮನೆ ವಾಸನೆ ಗೊತ್ತಾಗುದಿಲ್ಲ, ಹೊರಗಿನ ಮೂಗೇ ಬೇಕು" ಎಂದಳು. ವೈಜ್ಞಾನಿಕವಾಗಿ ಸರಿಯಾದ ಮಾತು. ನಾನೇ ಕ್ಲಾಸಿನಲ್ಲಿ ಹೇಳುವುದು.

ಜಯಮಾಲಾ ಚೀಲದೊಳಗೆ ಕುತ್ತಿಗೆವರೆಗೂ ಇಳಿದು ಎದ್ದರು. "ಏನ್ರೀ ಡಾಕ್ಟರ್ ಸಾಹೇಬ್ರ, ಇದನ್ನ ನೀರಾಗ ತೊಳದೀರೋ, ನೀರು ತೋರಿಸಿ ತಂದೀರೋ? ಇನ್ನೂ ಹಪ್ಪಳದ ಡಬ್ಬಿ ಇದ್ದಂಗೈತಿ!"

ಇಷ್ಟು ದಿನ ಬೇರೆಯವರ ಮನೆಯಲ್ಲಿ ಮೂಗು ತೂರಿಸುತ್ತಾರೆ ಎಂದು ಇವರನ್ನು ಹಾಸ್ಯ ಮಾಡುತ್ತಿದ್ದೆ. ಈಗ ಕಾಫಿ ಕೊಟ್ಟು ತೂರಿಸಿಕೊಳ್ಳುತ್ತಿದ್ದೇನೆ. ಆ ಕಾಫಿಯ ಹಾಲು ಬೇರೆ ಒಡೆದಿತ್ತು. ದೇವಕಿ ತನ್ನ ಲೋಟವನ್ನು ಆಗಲೇ ಮುಗಿಸಿದ್ದಳು.


ಆಗಸ್ಟ್ 2, ಶನಿವಾರ

ಕನ್ನಡ ಸಂಘದ ಊಟ, ಬಾಂಗ್ಸಾರ್‌ನಲ್ಲಿ. ಪ್ರತಿ ಸಲ ದೇವಕಿಯ ಬಿಸಿಬೇಳೆಭಾತಿಗೆ ಸಾಲು ನಿಲ್ಲುತ್ತದೆ. ಈ ಸಲ ಅವಳು ಬರಿಗೈ. "ಇವರ ಟಪೀರು ವ್ರತ, ಮನೆಯಲ್ಲಿ ಒಗ್ಗರಣೆ ಇಲ್ಲ" ಎಂದು ಎಲ್ಲರಿಗೂ ಹೇಳಿದಳು. ನಾನು ಮೈಕ್ ಹಿಡಿದು ವ್ರತಕಥೆಯನ್ನೇ ಹೇಳಿದೆ. ಒಗ್ಗರಣೆ ಬಿಟ್ಟ ಸಂಸಾರ ಒಗ್ಗುವುದು ಹೇಗೆ, ಚೀಲ ಶುದ್ಧಿಯಾದರೆ ಸಾಕೇ ಶೀಲವೂ ಬೇಕೇ, ಇತ್ಯಾದಿ. ನಲವತ್ತು ಜನ ಹೊಟ್ಟೆ ಹಿಡಿದು ನಕ್ಕರು. ದೇವಕಿಯೂ ನಕ್ಕಳು. ನನ್ನ ಜೋಕಿಗೆ ಅವಳದ್ದು ಯಾವಾಗಲೂ ಅರ್ಧ ಸೆಕೆಂಡು ತಡವಾದ ನಗು.

ಮನೆಯಲ್ಲಿ ಹೊಸ ಗಲಾಟೆ: ಟೈಮರುಗಳು. ಹಾಲಿಗೆ ಒಂದು, ಅನ್ನಕ್ಕೆ ಒಂದು, ಪಲ್ಯಕ್ಕೆ ಒಂದು. ಮೊಬೈಲು, ಮೈಕ್ರೋವೇವು, ಮೊಟ್ಟೆ ಆಕಾರದ ಒಂದು ಗಡಿಯಾರ, ಮೂರೂ ಸರದಿಯಲ್ಲಿ ಕೂಗುತ್ತವೆ. ಅಡುಗೆಮನೆಯೋ ರೈಲ್ವೆ ನಿಲ್ದಾಣವೋ! ಮೊದಲೆಲ್ಲ ಹಾಲ್‌ನಲ್ಲಿ ಕುಳಿತೇ, "ಸಾಸಿವೆ ಸೀದೀತು" ಎಂದು ಎದ್ದು ಓಡುತ್ತಿದ್ದವಳು. ವಯಸ್ಸಾದ ಮೇಲೆ ಜನ ಶಿಸ್ತು ಕಲಿಯುತ್ತಾರೆ.

ಚೀಲಕ್ಕೆ ಜಯಮಾಲಾರಿಂದ ಎಪ್ಪತ್ತು ಅಂಕ. ಪಾಸು, ಡಿಸ್ಟಿಂಕ್ಷನ್ ಇಲ್ಲ.


ಆಗಸ್ಟ್ 10, ಭಾನುವಾರ

ಇವತ್ತಿನದನ್ನು ನಡೆದ ಹಾಗೆಯೇ ಬರೆಯಬೇಕು.

ಜಯಮಾಲಾ ಒಂದು ವಾರ ಊರಲ್ಲಿರಲಿಲ್ಲ. ಟೆಂಟು ಅಂಗಳದ ತಂತಿಯ ಮೇಲೆಯೇ ಇತ್ತು. ನಿನ್ನೆ ಸಂಜೆ ದೇವಕಿ ಅದನ್ನು ತೆಗೆದು ಮಡಚಿ ಮುಚ್ಚಳದ ಡ್ರಮ್ಮಿಗೆ ಹಾಕಿ, "ಒಣಗಿದೆ, ಎಂತ ವಾಸನೆಯೂ ಇಲ್ಲ" ಎಂದಿದ್ದಳು. ಇವತ್ತು ಹಾಲ್‌ನಲ್ಲಿ ಕಟ್ಟಿ ಅಭ್ಯಾಸ ಮಾಡೋಣ ಎಂದು ಮುಚ್ಚಳ ತೆಗೆದೆವು.

ತನ್ವಿ ಮೆಟ್ಟಿಲು ಹತ್ತಿ ಓಡಿದಳು. "ಓ ಮೈ ಗಾಡ್, ಕ್ಯಾಟ್ ಪೀ! ಅಪ್ಪಾ, ಇಟ್ಸ್ ಆಲ್ ಕ್ಯಾಟ್ ಪೀ!"

ಬೀದಿಯ ಗಂಡು ಬೆಕ್ಕು ಒಂದಲ್ಲ, ನಾಲ್ಕೈದು ಸಲ ಪ್ರೋಕ್ಷಣೆ ಮಾಡಿತ್ತು. ನನ್ನ ಕಣ್ಣಲ್ಲಿ ನೀರು ಬಂತು. ದೇವಕಿ ಮಾತ್ರ ಟೆಂಟನ್ನು ಮಗುವಿನಂತೆ ಎತ್ತಿಕೊಂಡು, ಕೆನ್ನೆಗೆ ತಾಗಿಸಿಕೊಂಡು ನಿಂತಿದ್ದಳು.

"ಎಂತ ಆಯ್ತು? ಚೆನ್ನಾಗಿಯೇ ಒಣಗಿದೆಯಲ್ಲ."

"ದೇವಕೀ, ಇದು ಟೆಂಟಲ್ಲ, ಟಪೀರಿಗೆ ಬೆಕ್ಕು ಬರೆದ ಎಚ್ಚರಿಕೆ ಪತ್ರ. ಸಹಿ ಸಮೇತ!" ಎಂದೆ. ಮೆಟ್ಟಿಲ ಮೇಲಿಂದ ತನ್ವಿ ನಕ್ಕಳು. ನಾನೂ ನಕ್ಕೆ.

ದೇವಕಿ ನಗಲಿಲ್ಲ. ಟೆಂಟಿನ ಮಡಿಕೆಯೊಳಗೆ ಮುಖವಿಟ್ಟು ದೀರ್ಘವಾಗಿ ಉಸಿರೆಳೆದಳು. ಇನ್ನೊಂದು ಸಲ ಎಳೆದಳು. ಕರೆಂಟು ಹೋದ ಕೋಣೆಯಲ್ಲಿ ಗೋಡೆ ತಡವುವವರ ಹಾಗೆ.

ನನ್ನ ನಗು ಅಲ್ಲಿಗೆ ನಿಂತಿತು. ಅಡುಗೆಮನೆಯಿಂದ ಕಾಫಿಪುಡಿ ಡಬ್ಬ ತಂದು ಅವಳ ಮೂಗಿನ ಕೆಳಗೆ ಹಿಡಿದೆ.

"ಕಣ್ಣು ಮುಚ್ಚು. ಏನಿದು?"

"ಡಬ್ಬ."

"ಡಬ್ಬದೊಳಗೆ?"

ಡಬ್ಬದ ಅಂಚಿಗೆ ಮೂಗು ತಾಗಿಸಿದಳು. ಆಮೇಲೆ, "ನೀವೇ ಹೇಳಿ" ಎಂದಳು.

ತಲೆಬುರುಡೆಯ ಹನ್ನೆರಡು ನರಗಳಲ್ಲಿ ಮೊದಲನೆಯದು ಘ್ರಾಣದ್ದು. ಪ್ರತಿವರ್ಷ ಮೊದಲ ವಾರ ಅದರ ಪಾಠ ಮಾಡುತ್ತೇನೆ. ಕಾಫಿಪುಡಿಯಿಂದ ಪರೀಕ್ಷಿಸಿ ಎಂದು ನೂರಾರು ಮಕ್ಕಳಿಗೆ ಕಲಿಸಿದ್ದೇನೆ.

"ಯಾವಾಗಿನಿಂದ?"

"ಆ ಜ್ವರ ಬಿಟ್ಟ ಮೇಲೆ. ಮೇ ಇಪ್ಪತ್ತಕ್ಕೋ ಇಪ್ಪತ್ತೊಂದಕ್ಕೋ."

"ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಜೋಕ್ ಮಾಡ್ತೀರಿ." ಟೆಂಟನ್ನು ಮತ್ತೆ ಮಡಚತೊಡಗಿದಳು. "ಸಂಘದಲ್ಲಿ ಎಲ್ಲರೂ ನಗ್ತಾರೆ. ನಗು ಬರುವ ಹಾಗೇ ಹೇಳ್ತೀರಿ ನೀವು, ಅದೇ ಕಷ್ಟ. ಮತ್ತೆ ನಾನೂ ನಗ್ಬೇಕಾಗ್ತದೆ."


ಆಗಸ್ಟ್ 11, ಸೋಮವಾರ

ಟೆಂಟು ಕಸಕ್ಕೆ ಹೋಯಿತು.

ಈ ವಿಷಯದಲ್ಲಿ ನಾನು ಮಾಡಬಹುದಾಗಿದ್ದ ಜೋಕುಗಳು ಎಷ್ಟು ಎಂದು ಕಾಲೇಜಿಗೆ ಹೋಗುವ ದಾರಿಯಲ್ಲಿ ಎಣಿಸಿದೆ. ಹನ್ನೊಂದು. ಹನ್ನೊಂದೂ ಚೆನ್ನಾಗಿವೆ. ಅವಳ ಅಂದಾಜು ಸರಿ.


ಆಗಸ್ಟ್ 13, ಬುಧವಾರ

ನಮ್ಮ ಕಾಲೇಜಿನ ಇ.ಎನ್.ಟಿ. ವಿಭಾಗದ ವಂದನಾ ದೇವಕಿಯನ್ನು ನೋಡಿದಳು. ಮಣಿಪಾಲದಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದವಳು. "ವೈರಸ್‌ನಿಂದ ಆದದ್ದು ಸರ್. ಬರಬಹುದು, ತಿಂಗಳುಗಟ್ಟಲೆ ಹಿಡೀಬಹುದು, ಬರದೆಯೂ ಇರಬಹುದು" ಎಂದಳು. ಚಿಕಿತ್ಸೆ ಎಂದರೆ ಅಭ್ಯಾಸ. ಲವಂಗ, ನಿಂಬೆ, ನೀಲಗಿರಿ ತೈಲ, ಗುಲಾಬಿ, ನಾಲ್ಕು ಬಾಟಲಿ. ದಿನಕ್ಕೆರಡು ಹೊತ್ತು, ಒಂದೊಂದನ್ನೂ ಇಪ್ಪತ್ತು ಸೆಕೆಂಡು ಮೂಸುತ್ತ ಆ ವಾಸನೆ ಹೇಗಿತ್ತು ಎಂದು ನೆನಪಿಸಿಕೊಳ್ಳಬೇಕು. ಬಿಡದೆ ಮಾಡಬೇಕು.

ಇವತ್ತಿಗೆ ಸರಿಯಾಗಿ ನನ್ನ ಹತ್ತು ದಿನದ ಗಡುವು ಶುರು. ಟಪೀರಿಗೆ ಯಾವ ವಾಸನೆಯೂ ಆಗದು, ಈ ಮೂಗಿಗೆ ನಾಲ್ಕು ಬೇಕು. ಡಿಸೆಕ್ಷನ್ ಹಾಲಿನಿಂದ ಒಂದು ಪೆಟ್ಟಿಗೆ ಗ್ಲೋವ್ಸ್ ತಂದಿದ್ದೇನೆ. ಹೆಣ ಮುಟ್ಟುವ ಗ್ಲೋವ್ಸ್ ಹಾಕಿ ಹೆಂಡತಿಗೆ ಗುಲಾಬಿ ಹಿಡಿಯುವ ಗಂಡ. (ಇದನ್ನು ಅವಳಿಗೇ ಹೇಳಿದೆ. ನಕ್ಕಳು. ತಡವಾಗದೆ.)

ಮೊದಲ ಹೊತ್ತು ಕೆಟ್ಟಿತು. ಲವಂಗದ ರಾಸಾಯನಿಕ ರಚನೆಯಿಂದ ಶುರುಮಾಡಿದೆ.

"ಕ್ಲಾಸ್ ಬೇಡ," ಎಂದಳು. "ಹೇಗಿರ್ತದೆ ಹೇಳಿ ಸಾಕು."

ಯೋಚಿಸಬೇಕಾಯಿತು. ಮೂವತ್ತು ವರ್ಷದಿಂದ ಒಂದು ವಸ್ತು ಇನ್ನೊಂದರಂತೆ ಕೇಳಿಸುವುದನ್ನು ಹಿಡಿದು ಬದುಕಿದವನು ನಾನು. ಒಂದು ವಾಸನೆ ಯಾವುದರಂತೆ ಇರುತ್ತದೆ ಎಂದು ಯಾರೂ ಕೇಳಿರಲಿಲ್ಲ.

"ನಿನ್ನ ಅಪ್ಪನಿಗೆ ಹಲ್ಲುನೋವು. ಲವಂಗ ದವಡೆಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ನನ್ನ ಕಿವಿಯ ಹತ್ತಿರ ಬಂದು ಮಾತಾಡುತ್ತಿದ್ದಾರೆ. ನಮ್ಮ ಮದುವೆಯ ಮಾತುಕತೆಗೆ ಹೋಗುವ ದಿನ."

ಅವಳು ಕಣ್ಣು ಮುಚ್ಚಿಯೇ ಇದ್ದಳು. "ಹ್ಞೂಂ. ಬಸ್ಸು ಗೊತ್ತಾಯ್ತು. ಲವಂಗ ಇಲ್ಲ."

ಆಮೇಲೆ ತಾನಾಗಿ ಹೇಳಿದಳು: "ನಿಮ್ಮ ವ್ರತ ಬಂದದ್ದು ನನ್ನ ಪುಣ್ಯ. ಜೂನ್ ಇಡೀ ಹೆದರಿ ಹೆದರಿ ಅಡುಗೆ ಮಾಡಿದ್ದೇನೆ. ಉಪ್ಪು ಹುಳಿ ನಾಲಿಗೆಗೆ ತಿಳೀತದೆ, ಬೇರೆಂತದೂ ಇಲ್ಲ. ಸಪ್ಪೆಯೇ ಮಾಡ್ಬೇಕು ಅಂತಾದ್ರೆ ತಪ್ಪು ಹುಡುಕ್ಲಿಕ್ಕೆ ಯಾರಿಗೂ ಆಗುದಿಲ್ಲ."


ಆಗಸ್ಟ್ 17, ಭಾನುವಾರ

ಸಪ್ಪೆ ತಿಂದು ಬೇಸತ್ತ ತನ್ವಿಗಾಗಿ ಇವತ್ತು ಸಾರು. ದೇವಕಿಗೆ ಧೈರ್ಯವಿಲ್ಲ, ನನಗೆ ಅಡುಗೆಮನೆಗೆ ಪ್ರವೇಶವಿಲ್ಲ. ಹಾಗಾಗಿ ನಾನು ಹೊರಗೆ ಅಂಗಳದಲ್ಲಿ, ಕಿಟಕಿಯಿಂದ ಹತ್ತಡಿ ದೂರ, ಗಾಳಿಗೆ ಎದುರಾಗಿ ನಿಂತು ವೀಕ್ಷಕ ವಿವರಣೆ ಕೊಟ್ಟೆ.

"ಎಣ್ಣೆ ಬಿಸಿಯಾಯ್ತು. ಸಾಸಿವೆ ಹಾಕು. ಇನ್ನೂ ಹಸಿ, ಇನ್ನೂ ಹಸಿ... ಈಗ ಬೆಚ್ಚಗಿನ ಕಡಲೆಕಾಯಿ ಸಿಪ್ಪೆಯ ಹಾಗೆ. ಹ್ಞಾಂ, ಈಗ ಒಣಮೆಣಸು. ಗಂಟಲಿಗೆ ಬಂತು, ಸಾಕು, ಇಳಿಸು ಇಳಿಸು!"

"ಕರಿಬೇವು?"

"ಹಾಕು. ಮಳೆ ನಿಂತ ಮೇಲೆ ಬೇಲಿ ಪಕ್ಕ ಹೋದ ಹಾಗೆ."

"ಇಂಗು?"

"ಇಂಗು ಹಾಕಿದ ಕೂಡಲೇ ನಾನು ಗೇಟಿನಿಂದಾಚೆ ಓಡ್ತೇನೆ. ಅಲ್ಲಿಂದ ಕೂಗ್ತೇನೆ."

ಓಡಿದೆ. ಜಯಮಾಲಾ ತಮ್ಮ ಗೇಟಿನಲ್ಲಿ ನಿಂತು, "ಅಯ್ಯ ನಮ್ಮವ್ವ, ಗಂಡನ್ನ ಹೊರಗ ಹಾಕಿ ಸಾರು ಮಾಡ್ತೀರೇನ್ರೀ ದೇವಕಿ? ಚಲೋ ಐತಿ ಪದ್ಧತಿ!" ಎಂದರು. ಅವರಿಗೆ ದೇವಕಿಯೇ ಈಗ ಎಲ್ಲ ಹೇಳಿದ್ದಾಳೆ. ಕೇಳಿ ಅವರು ಒಂದು ಬಟ್ಟಲು ಸಾರು ಕುಡಿದು, "ಉಪ್ಪು ಒಂದು ಹರಳು ಕಮ್ಮಿ, ಉಳಿದದ್ದು ಎಲ್ಲಾ ಸರಿ ಐತಿ" ಎಂದರು.

ಸಂ‍ಜೆ ಕೀರ್ತಿರಾಜನ ಫೋನು. "ಡಾಕ್ಟ್ರೇ, ಒಂದು ವಾರ ಆ ಬಾಟ್ಲಿ ಬಿಡಿ ಮಾರಾಯ್ರೆ. ಬಂದ ಮೇಲೆ ಬೇಕಾದಷ್ಟು ಮೂಸ್ಬಹುದಲ್ಲ. ಹೋದ ಸಲ ಒಬ್ಬನೇ ಮೂರು ರಾತ್ರಿ ಕೂತು ಕಾಡುಹಂದಿ ನೋಡಿ ಬಂದಿದ್ದೇನೆ."

"ಗ್ಲೋವ್ಸ್ ಇದೆ" ಎಂದೆ.

ಗುಲಾಬಿ ಬಹಳ ಕಷ್ಟ. ಗುಲಾಬಿಯನ್ನು ಗುಲಾಬಿಯಂತೆ ಎನ್ನದೆ ಹೇಗೆ ಹೇಳುವುದು? ತನ್ವಿ ಹುಟ್ಟಿದಾಗ ಆಸ್ಪತ್ರೆಗೆ ಬಂದವರೆಲ್ಲ ತಂದ ಪೌಡರ್ ಡಬ್ಬಗಳು ಎಂದೆ. ನಾಳೆಗೆ ಇನ್ನೂ ಸರಿಯಾದದ್ದನ್ನು ಹುಡುಕಬೇಕು.


ಆಗಸ್ಟ್ 21, ಗುರುವಾರ

ಚೀಲ ಕಟ್ಟಿಯಾಯಿತು. ಟೆಂಟು ಹೋದದ್ದರಿಂದ ಒಂಬತ್ತೂವರೆ ಕಿಲೋ. ಕೀರ್ತಿರಾಜನ ಟೆಂಟಿನಲ್ಲೇ ಇಬ್ಬರೂ ಮಲಗುವುದು. ಡೇರೆಗಿಂತ ಧೈರ್ಯ ಹಗುರ. ಜಯಮಾಲಾ ಚೀಲವನ್ನು ಮೂಸಿ ತೊಂಬತ್ತಾರು ಕೊಟ್ಟರು. ನಾಲ್ಕು ಅಂಕ ಅವರ ಊರಿನ ಸಂಪ್ರದಾಯಕ್ಕೆ ಕಳೆದದ್ದಂತೆ, ಅಲ್ಲಿ ಯಾರಿಗೂ ನೂರು ಕೊಡುವುದಿಲ್ಲ. ಬರಿ ನೀರಿನ ಸ್ನಾನದ ಒಂಬತ್ತನೇ ದಿನ ನಾನು ಹಸಿ ಮಣ್ಣಿನ ಹೆಂಟೆಯಂತಿದ್ದೇನೆ ಎಂದು ತನ್ವಿಯ ವರದಿ. ಟಪೀರಿಗೆ ಪ್ರಿಯವಾದದ್ದೇ.

ಸಂಜೆಯ ಹೊತ್ತು ಲವಂಗದ ಬಾಟಲಿ ಹಿಡಿದಾಗ ದೇವಕಿ ತಲೆ ಹಿಂದಕ್ಕೆ ಎಳೆದಳು.

"ಎಂತದೋ ಚುರ್ ಅಂತು! ಇಲ್ಲಿ, ಒಳಗೆ. ಬಂತು ಅಲ್ವಾ? ವಾಸನೆ ಬಂತು ಅಲ್ವಾ?"

ಅದು ವಾಸನೆಯಲ್ಲ. ಲವಂಗದ ಚುರುಕು ಮುಟ್ಟುವುದು ಐದನೆಯ ನರಕ್ಕೆ, ಮುಖದ ನೋವು ಉರಿ ಹೊರುವ ನರ. ಮೊದಲನೆಯದಕ್ಕೂ ಅದಕ್ಕೂ ಸಂಬಂಧವಿಲ್ಲ. ಪರೀಕ್ಷೆಯಲ್ಲಿ ಯಾರಾದರೂ ಹೀಗೆ ಬರೆದಿದ್ದರೆ ಸೊನ್ನೆ ಹಾಕಿ ಪಕ್ಕದಲ್ಲಿ ಎರಡು ಸಾಲು ಕುಚೋದ್ಯವನ್ನೂ ಬರೆಯುತ್ತಿದ್ದೆ.

"ಹೌದಾ! ಎಲ್ಲಿ, ಇನ್ನೊಂದು ಸಲ" ಎಂದೆ.

ನಾಳೆ ಮಧ್ಯಾಹ್ನ ಹೊರಡುವುದು. ದೇವಕಿಯೂ ಬರುತ್ತಾಳೆ, ಜೆಟ್ಟಿ ಪಕ್ಕದ ಹೋಂಸ್ಟೇಯಲ್ಲಿ ಇರುತ್ತಾಳೆ. ತನ್ವಿ ಜಯಮಾಲಾರ ಮನೆಯಲ್ಲಿ.


ಆಗಸ್ಟ್ 23, ಶನಿವಾರ

ಬೆಳಿಗ್ಗೆ ಆರೂವರೆಗೆ ದೇವಕಿ ಬಾಟಲಿಗಳ ಪೆಟ್ಟಿಗೆ ಮುಚ್ಚಿ ಅದರ ಮೇಲೆ ಕೈ ಇಟ್ಟುಕೊಂಡು ಕುಳಿತಿದ್ದಳು. "ಇವತ್ತು ಬೇಡ. ನೀವು ಹೋದ ಮೇಲೆ ನಾನೇ ಮಾಡ್ಕೊಳ್ತೇನೆ."

"ಹೇಳುವವರು ಯಾರು?"

"ನೀವು ಹೇಳಿದ್ದೆಲ್ಲ ನೆನಪುಂಟು. ಬಸ್ಸು, ಬೇಲಿ, ಎಲ್ಲ."

ನಿನ್ನೆ ರಾತ್ರಿ ನಿಂಬೆಗೆ ಒಂದು ಹೊಸದು ಹೊಳೆದಿತ್ತು, ಅದನ್ನು ಹೇಳದೆ ಹೋಗುವುದು ಸರಿಯೆನಿಸಲಿಲ್ಲ. ಐದು ನಿಮಿಷದ ಕೆಲಸ. ಗ್ಲೋವ್ಸ್ ಹಾಕಿದರೆ ಲವಂಗದ ಬಾಟಲಿಯ ಮುಚ್ಚಳ ಜಾರುತ್ತದೆ, ತಿರುಗುವುದೇ ಇಲ್ಲ. ಗ್ಲೋವ್ಸ್ ತೆಗೆದೆ.

ಆಮೇಲೆ ಆ ಕೈಯನ್ನು ಹೊಳೆಯಲ್ಲಿ ಮರಳು ಹಾಕಿ ಉಜ್ಜಿದೆ, ಮಣ್ಣು ಹಾಕಿ ಉಜ್ಜಿದೆ.

ಎಂಟಕ್ಕೆ ಪಾಕ್ ಲೋಂಗ್. ಒಂದು ಮಂಡಿಗೆ ಬಟ್ಟೆ ಸುತ್ತಿಕೊಂಡಿದ್ದರು. ಕೀರ್ತಿರಾಜನ ಚೀಲ ಮೂಸಿದರು: "ಬೋಲೆ." ಆಗಬಹುದು. ನನ್ನದನ್ನು ಮೂಸಿದರು, ಇನ್ನೊಮ್ಮೆ ಮೂಸಿದರು, ನನ್ನ ಮುಖ ನೋಡಿದರು. "ಬಾಗೂಸ್! ಡಾಕ್ಟರ್, ಇದು ಬೇಟೆಗಾರನ ಚೀಲ." ನನ್ನ ಐವತ್ತೇಳು ವರ್ಷದಲ್ಲಿ ಯಾವ ಪದವಿಗೂ ಇಷ್ಟು ಹಿಗ್ಗಿರಲಿಲ್ಲ. ಸಂತೋಷಕ್ಕೆ ಅವರು ಎರಡೂ ಕೈ ಚಾಚಿ ನನ್ನ ಕೈ ಹಿಡಿದು, ಇಲ್ಲಿಯವರ ರೂಢಿಯಂತೆ ಆ ಕೈಯನ್ನು ತಮ್ಮ ಎದೆಗೆ ಒಯ್ದರು. ಎದೆಯ ಮೇಲೆಯೇ ಆ ಕೈ ನಿಂತಿತು.

"ಚೆಂಗ್ಕೆ" ಎಂದರು. ಲವಂಗ.

ನನ್ನ ಸಂತೆ ಮಲಯ್‌ನಲ್ಲಿ ಹೇಳಿದೆ: ಹೆಂಡತಿಯ ಮೂಗು ಮುಚ್ಚಿಹೋಗಿದೆ, ಇದು ಅದರ ಮದ್ದು, ಬಿಡಬಾರದು. ಪಾಕ್ ಲೋಂಗ್ ತಿರುಗಿ, ಬೆಂಚಿನ ಮೇಲೆ ಕುಳಿತಿದ್ದ ದೇವಕಿಯನ್ನು ನೋಡಿದರು. ಅವಳಿಗೆ ಭಾಷೆ ತಿಳಿಯದಿದ್ದರೂ ವಿಷಯ ತಿಳಿದು ಎದ್ದು ನಿಂತಿದ್ದಳು.

"ನಾನು ಬೇಕಾದ್ರೆ ಒಪ್ಪಬಹುದು," ಎಂದರು ಪಾಕ್ ಲೋಂಗ್. "ಅದು ಒಪ್ಪಲ್ಲ ಲಾ, ಡಾಕ್ಟರ್. ನೀನೊಬ್ಬ ಬಂದರೆ ಇವನಿಗೂ ಏನೂ ಕಾಣಲ್ಲ." ಸ್ವಲ್ಪ ಯೋಚಿಸಿ, "ನಾಳೆ ಬೆಳಿಗ್ಗೆ ಏಳಕ್ಕೆ ಸಾಮಾನಿನ ದೋಣಿ ಹೋಗ್ತದೆ. ಇವತ್ತಿಡೀ ಆ ಮದ್ದನ್ನು ಮುಟ್ಟಬೇಡ. ಬೂದಿ, ಕೆಸರು ಹಾಕಿ ತೊಳೆದುಕೋ. ಎರಡು ರಾತ್ರಿ ಸಿಗ್ತದೆ" ಎಂದರು.

"ಖಂಡಿತ ಬರ್ತೇನೆ" ಎಂದೆ. ದೋಣಿ ಹೋಯಿತು. ಕೀರ್ತಿರಾಜ್ ಈ ಸಲ ಕೈ ಬೀಸಲಿಲ್ಲ.

"ನಾನು ಬೇಡ ಹೇಳಿದ್ದೆ" ಎಂದಳು ದೇವಕಿ.

ದಿನವಿಡೀ ಕೈಯನ್ನು ಕೆಸರಿನಲ್ಲಿಟ್ಟು ಹೊಳೆಬದಿಯಲ್ಲಿ ಕುಳಿತಿದ್ದೆ.


ಆಗಸ್ಟ್ 24, ಭಾನುವಾರ

ಏಳಕ್ಕೆ ದೋಣಿಯ ಮೋಟಾರು ಶುರುವಾದದ್ದು ಕೇಳಿಸಿತು. ನಿಂಬೆಯಲ್ಲಿದ್ದೆವು, ಇನ್ನೂ ನೀಲಗಿರಿ ಬಾಕಿ.


ಆಗಸ್ಟ್ 26, ಮಂಗಳವಾರ

ಈ ಊರಿನಲ್ಲಿ ಮಾಡಲು ಏನೂ ಇಲ್ಲ, ಎಲ್ಲವನ್ನೂ ಮಾಡಿ ಮುಗಿಸಿದೆವು. ತೇಲುವ ಹೋಟೆಲಿನಲ್ಲಿ ಚಹಾ, ದಂಡೆಯಲ್ಲಿ ನಡಿಗೆ, ಮಧ್ಯಾಹ್ನ ನಿದ್ದೆ. ದೋಣಿಯ ಡೀಸೆಲ್ಲಿಗೆ, ಒದ್ದೆ ಹಗ್ಗಕ್ಕೆ, ರಬ್ಬರ್ ಹಾಳೆ ಒಣಹಾಕಿದ ಮನೆಗೆ, ಎಲ್ಲಕ್ಕೂ ಅವಳು "ಇದು?" ಎನ್ನುತ್ತಾಳೆ. ರಬ್ಬರ್ ಹಾಳೆಗೆ, ಮೂರು ದಿನದ ಹಿಂದೆ ತೀರಿಕೊಂಡ ಚಪ್ಪಲಿ ಎಂದೆ. "ಛೀ" ಎಂದು ಬೇಗ ಬೇಗ ನಡೆದಳು.

ಮಧ್ಯಾಹ್ನ ಕೀರ್ತಿರಾಜ್ ಬಂದ. ದೋಣಿ ದಡ ಮುಟ್ಟುವ ಮೊದಲೇ ಕೂಗುತ್ತಿದ್ದ, "ಡಾಕ್ಟ್ರೇ, ಬಂತು! ಎರಡನೇ ರಾತ್ರಿ! ಮರಿ ಸಮೇತ!" ಪಾಕ್ ಲೋಂಗ್ ನಗುತ್ತ ನನ್ನ ಬೆನ್ನು ತಟ್ಟಿದರು, ದೇವಕಿಗೆ ಒಂದು ಗೊನೆ ಬಾಳೆಹಣ್ಣು ಕೊಟ್ಟರು. ಎಷ್ಟು ಹೊತ್ತು ನಿಂತಿತ್ತು, ಯಾವ ಕಡೆಯಿಂದ ಬಂತು ಎಂದೆಲ್ಲ ಅವನನ್ನು ಕೇಳಬೇಕಿತ್ತು. ಮರೆತೇಹೋಯಿತು. ಬರೆಯುವಾಗ ನೆನಪಾಗುತ್ತಿದೆ.

ಮರೆಯಲು ಕಾರಣ ದುರಿಯನ್, ಇಲ್ಲಿನ ಮುಳ್ಳುಹಲಸು. ಕಾರಿನ ಹತ್ತಿರವೇ ಹಣ್ಣಿನ ಅಂಗಡಿ, ಸೀಸನ್ನಿನ ಕೊನೆಯ ರಾಶಿ. ಈ ದೇಶಕ್ಕೆ ಬಂದು ಹದಿನಾರು ವರ್ಷ, ದುರಿಯನ್ ಕಂಡಲ್ಲೆಲ್ಲ ದೇವಕಿ ಸೆರಗಿನಿಂದ ಮೂಗು ಮುಚ್ಚಿ ರಸ್ತೆ ದಾಟಿದವಳು. ಒಂದು ಸಲ ಹಣ್ಣು ಇಟ್ಟುಕೊಂಡಿದ್ದ ಟ್ಯಾಕ್ಸಿಯಿಂದ ನಡುದಾರಿಯಲ್ಲಿ ಇಳಿದಿದ್ದಳು. ಇವತ್ತು ತಾನಾಗಿ ಹೋಗಿ ರಾಶಿಯ ಮುಂದೆ ನಿಂತಳು.

"ಒಂದು ತಿಂದು ನೋಡುವ."

"ನಿಜವಾಗಿಯೂ?"

"ಈಗ ಅಲ್ಲದೆ ಮತ್ತೆ ಯಾವಾಗ?"

ಅಂಗಡಿಯಾಕೆ ಕತ್ತಿಯಿಂದ ಬಿರಿಸಿ ಕೊಟ್ಟಳು. ದೇವಕಿ ಒಂದು ತೊಳೆ ಬಾಯಿಗಿಟ್ಟಳು. ಹುಬ್ಬು ಮೇಲೆ ಹೋಯಿತು, ಅಲ್ಲೇ ನಿಂತಿತು. ಎರಡನೇ ತೊಳೆ. "ಬೆಣ್ಣೆ ಹಾಗುಂಟು ಮಾರಾಯ್ರೆ. ಸಿಹಿ ಗೊತ್ತಾಗ್ತದೆ. ನುಣ್ಣಗೆ ಹೇಗುಂಟು!" ಮೇ ತಿಂಗಳ ಈಚೆ ಅವಳು ಏನನ್ನೂ ಎರಡನೇ ಸಲ ಹಾಕಿಸಿಕೊಂಡದ್ದು ನಾನು ನೋಡಿರಲಿಲ್ಲ.

ನನ್ನ ಕರ್ತವ್ಯ ಮಾಡಲು ಬಾಯಿ ತೆರೆದೆ. "ಇದರ ವಾಸನೆ ಹೇಗೆ ಅಂದರೆ..."

ಹಳದಿ ಮೆತ್ತಿದ ಬೆರಳನ್ನು ನನ್ನ ಮುಖದ ಮುಂದೆ ಹಿಡಿದಳು. "ಇದೊಂದು ಹೇಳ್ಬೇಡಿ. ತಿನ್ಲಿಕ್ಕೆ ಬಿಡಿ."

ದುರಿಯನ್ ಬಗ್ಗೆ ಹದಿನಾರು ವರ್ಷದಿಂದ ಕೂಡಿಟ್ಟ ಉಪಮೆಗಳು ನನ್ನ ನಾಲಿಗೆಯ ತುದಿಯಲ್ಲಿ ಸಾಲುಗಟ್ಟಿ ನಿಂತಿದ್ದವು. ಒಂದೊಂದಾಗಿ ನುಂಗಿದೆ. ಅವಳು ಐದು ತೊಳೆ ತಿಂದಳು.

ಕೀರ್ತಿರಾಜ್ ಕಾರಿನ ಬಾಗಿಲು ತೆರೆದು, ಮುಚ್ಚಿ, ಮತ್ತೆ ತೆರೆದ. "ಡಾಕ್ಟ್ರೇ, ಮೂರು ದಿನ ಕಾಡಲ್ಲಿ ಇದ್ದು ಬಂದವನು ನಾನು. ಆದ್ರೆ ಈ ಕಾರಲ್ಲಿ ಹೇಗೆ ಕೂರುದು?"

ನಿಲಾಯ್‌ಗೆ ಮೂರು ಗಂಟೆಯ ದಾರಿ. ನಾಲ್ಕೂ ಕಿಟಕಿ ತೆರೆದೇ ಬಂದೆವು. ಕೀರ್ತಿರಾಜ್ ಹಿಂದಿನ ಸೀಟಿನಲ್ಲಿ ತಲೆ ಹೊರಗೆ ಹಾಕಿ ಕುಳಿತಿದ್ದ. ಮುಂದೆ ದೇವಕಿ, ತೊಡೆಯ ಮೇಲೆ ಪೇಪರಿನಲ್ಲಿ ಸುತ್ತಿದ ಇನ್ನೊಂದು ಹಣ್ಣು. ತನ್ವಿಗಂತೆ. ದಾರಿಯಲ್ಲೇ ಅದರ ಪೇಪರು ಬಿಚ್ಚತೊಡಗಿದ್ದಳು.